ನಡುವಿನ ಬಟ್ಟಲು

ಯುದ್ಧ ಎಲ್ಲಿ ಹೊತ್ತಿಕೊಂಡರೂ ವನಮಾಲೆಗೆ ಕರೆ ಬರುತ್ತಿತ್ತು. ಯಾವ ಗಡಿ ಉಳಿಸಿಕೊಳ್ಳಬೇಕು, ಯಾವುದನ್ನು ಬಿಟ್ಟುಕೊಡಬೇಕು ಎಂದು ಅವಳು ಹೇಳಿದರೆ ದೇಶದೇಶಗಳ ಮಂತ್ರಿಗಳು ಕಿವಿಗೊಟ್ಟು ಕೇಳುತ್ತಿದ್ದರು.

ಅಂಥವಳು ಒಂದು ಬೆಳಿಗ್ಗೆ ಹೊಳೆದಂಡೆಯ ಆಶ್ರಮಕ್ಕೆ ಬಂದು, ತನಗೆ ಓದು ಕಲಿಸಿದ ನಿರ್ವಾಣಮ್ಮನವರ ಕಾಲಿಗೆ ಬಿದ್ದಳು.

"ಏನೇ, ಮುಖ ಹೀಗೆ ಬಾಡಿದೆ? ನಿನ್ನ ಮಂತ್ರಿಗಳು ಊಟ ಹಾಕಲಿಲ್ಲವೇ?"

"ಊಟವೂ ಇಲ್ಲ, ನಿದ್ದೆಯೂ ಇಲ್ಲ ಅವ್ವಾ. ಶತ್ರು ಸೇನೆ ಬರುತ್ತಿದೆ. ಗಡಿಯ ಸೇತುವೆ ಒಡೆಯಬೇಕು. ಆಚೆ ದಡದಲ್ಲಿ ಇನ್ನೂ ನಮ್ಮದೇ ಜನ ಇದ್ದಾರೆ."

"ಒಡೆಯಿರಿ ಎಂದೆಯಾ?"

"ನಾನು ಹಾಗೆ ಹೇಳುವುದೇ ಇಲ್ಲ. ಮೂರು ದಾರಿ ಮುಂದಿಡುತ್ತೇನೆ. ಶರಣಾಗುವುದು ಒಂದು. ಶತ್ರುವಿನ ನಗರಗಳನ್ನೇ ಸುಡುವುದು ಇನ್ನೊಂದು. ನಡುವೆ ಸೇತುವೆ."

"ಅವರು ಯಾವುದನ್ನು ಆರಿಸುತ್ತಾರೆ?"

"ನಡುವಿನದನ್ನೇ. ಯಾವಾಗಲೂ ನಡುವಿನದನ್ನೇ." ಅವಳ ದನಿಯಲ್ಲಿ ಒಂದು ಗಳಿಗೆ ಹೆಮ್ಮೆ ಇಣುಕಿತು. "ನಾಳೆ ಸಭೆ. ಆಜ್ಞೆ ಅವರದು, ರುಜು ಅವರದು. ಆ ಜನರ ಸಾವು ನನ್ನ ತಲೆಗೆ ಬರುವುದಿಲ್ಲ ಎಂದು ನೀವೊಂದು ಮಾತು ಹೇಳಿಬಿಡಿ."

"ಮೊದಲು ಉಣ್ಣು," ಎಂದರು ನಿರ್ವಾಣಮ್ಮ.

ಒಳಗಿನಿಂದ ಮೂರು ಬಟ್ಟಲು ತಂದು ಸಾಲಾಗಿ ಇಟ್ಟರು. ಒಂದರಲ್ಲಿ ಸೀದು ಕರಕಲಾದ ಅನ್ನ. ಇನ್ನೊಂದರಲ್ಲಿ ಬೇಯದ ಅಕ್ಕಿ. ನಡುವಿನದರಲ್ಲಿ ಬಿಸಿ ಗಂಜಿ.

"ಬೇಕಾದ್ದು ತಗೋ."

"ನನ್ನ ಹಲ್ಲು ಮುರಿಯಬೇಕೆಂದಿದ್ದೀರಾ ಅವ್ವಾ?" ವನಮಾಲೆ ನಕ್ಕು ಗಂಜಿಯನ್ನು ಎತ್ತಿಕೊಂಡಳು. ಹಸಿದಿದ್ದಳು. ನೋಡನೋಡುತ್ತ ಬಟ್ಟಲು ಬರಿದಾಯಿತು.

ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಆಶ್ರಮದಲ್ಲಿ ಹಾಸಿಗೆ ಹಿಡಿದಿದ್ದ ಬಸಲಿಂಗ ಗೋಡೆ ಆತುಕೊಂಡು ನಿಂತಿದ್ದ. ಎಲುಬಿನ ಮೇಲೆ ಬರೀ ಚರ್ಮ. ಕೈಯಲ್ಲಿ ತಟ್ಟೆ.

"ಅದು ಅವನ ಪಾಲು," ಎಂದರು ನಿರ್ವಾಣಮ್ಮ. "ಗಂಜಿ ಬಿಟ್ಟರೆ ಅವನಿಗೆ ಬೇರೇನೂ ಗಂಟಲಲ್ಲಿ ಇಳಿಯುವುದಿಲ್ಲ. ಇಲ್ಲಿ ಒಲೆ ಹೊತ್ತಿಸುವುದು ದಿನಕ್ಕೊಮ್ಮೆ, ಮರೆತೆಯಾ?"

ವನಮಾಲೆ ದಡಬಡಿಸಿ ಎದ್ದಳು. "ಮೊದಲೇ ಹೇಳಬಾರದಿತ್ತೇ? ಉಣ್ಣಲಾಗದ ಎರಡರ ನಡುವೆ ಇಟ್ಟವರು ನೀವು! ನಾನು ಬೇರೆ ಯಾವುದನ್ನು ತಾನೇ ಎತ್ತಲಿ?"

ಆಡಿದ ಮಾತು ಆಗ ಅವಳ ಕಿವಿಗೇ ಬಿತ್ತು. ಅವಳು ನಿರ್ವಾಣಮ್ಮನವರತ್ತ ತಿರುಗಿದಳು.

ಬಸಲಿಂಗ ತಟ್ಟೆ ಚಾಚಿದ.

"ನನ್ನ ಮುಖ ನೋಡಬೇಡ," ಎಂದರು ನಿರ್ವಾಣಮ್ಮ. "ತಪ್ಪು ಇಟ್ಟವಳದೋ, ಎತ್ತಿಕೊಂಡವಳದೋ ಅಂತ ಅವನಿಗೇ ಬಿಡಿಸಿ ಹೇಳು. ಬೇಗ ಹೇಳು, ಅವನಿಗೆ ಹಸಿವಾಗಿದೆ."