ಮೀಸೆಯಲ್ಲಿ ಅವರೆ ಬಿಟ್ಟ ರಾಜ

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ. ಊರು ಸಣ್ಣದು, ಅವನ ಮೀಸೆ ದೊಡ್ಡದು. ಹೂಂ ಅನ್ನಿ, ಇಲ್ಲದಿದ್ದರೆ ಮೀಸೆ ಇಲ್ಲಿಗೇ ನಿಲ್ಲುತ್ತದೆ.

ದಿನವೆಲ್ಲ ಮೀಸೆ ಬಾಚುವುದೇ ಅವನ ರಾಜ್ಯಭಾರ. ಒಂದು ಕೂದಲು ಇನ್ನೊಂದಕ್ಕಿಂತ ಉದ್ದವಾದರೆ ಊಟ ಸೇರದು. ಒಮ್ಮೆ ಅವನು ಹೊಂಬಾಳಮ್ಮ ಎಂಬ ಒಕ್ಕಲಗಿತ್ತಿಯ ಹೊಲ ನೋಡಿದ. ರಾಗಿಯ ನಡುನಡುವೆ ಅಕ್ಕಡಿ ಸಾಲು, ಅಂದರೆ ಬೆರಕೆ ಬೆಳೆಯ ಸಾಲು. ಜೋಳ, ಜೋಳಕ್ಕೆ ಹಬ್ಬಿದ ಅವರೆ, ಪಕ್ಕದಲ್ಲಿ ತೊಗರಿ, ಅಂಚಿಗೆ ಹಳದಿ ಹೂವಿನ ಹುಚ್ಚೆಳ್ಳು. ನೋಡಲು ಎರಡು ಕಣ್ಣು ಸಾಲದು, ಅಂಥ ಹೊಲ!

"ಥೂ, ಕೆದರಿದ ತಲೆ!" ಅಂದ ರಾಜ. "ಇನ್ನು ರಾಜ್ಯದಲ್ಲೆಲ್ಲ ರಾಗಿ ಒಂದೇ. ಎಲ್ಲ ಒಂದೇ ಎತ್ತರ."

"ಬುದ್ಧಿ, ರಾಗಿ ಒಂದೇ ಆದ್ರೆ ಅದಕ್ಕೆ ಬೇಜಾರಾಯ್ತದೆ," ಅಂದಳು ಹೊಂಬಾಳಮ್ಮ.

ರಾಜ ಕೇಳಲಿಲ್ಲ. ಸೈನಿಕರು ಅಕ್ಕಡಿಯನ್ನೆಲ್ಲ ಕಿತ್ತರು. ಜೋಳ ಎತ್ತರವಲ್ಲವೇ, ಅದರ ಬೀಜವನ್ನೂ ಬಿಡದೆ ಕುದುರೆಗಳಿಗೆ ಹಾಕಿದರು. ಉಳಿದ ಬೀಜಗಳಿಗೆ ಹೊಂಬಾಳಮ್ಮ ಬೂದಿ ಬೆರೆಸಿ, ಮಡಕೆಗೆ ತುಂಬಿ, ಬಾಯಿ ಕಟ್ಟಿ ಅಟ್ಟಕ್ಕೆ ಏರಿಸಿದಳು. ಎಂಥ ಹೆಂಗಸು ನೋಡಿ!

ರಾಗಿಗೆ ಬೇಜಾರಾಯಿತು. ಮಾತಿಗೆ ಅವರೆ ಇಲ್ಲ, ಜಗಳಕ್ಕೆ ತೊಗರಿ ಇಲ್ಲ. ಒಂದು ಪೈರು ಆಕಳಿಸಿತು. ಪಕ್ಕದ್ದೂ ಆಕಳಿಸಿತು. ರಾಜ್ಯದ ರಾಗಿಯೆಲ್ಲ ಆಕಳಿಸಿ ಮಲಗಿಬಿಟ್ಟಿತು. ಹುಳುಗಳು ಬಂದವು. "ಅಡ್ಡ ಬರೋರೇ ಇಲ್ಲ ಕಣ್ರೋ!" ಎನ್ನುತ್ತ ಈ ಗಡಿಯಿಂದ ಆ ಗಡಿಗೆ ಮೇಯ್ದವು.

ಅರಮನೆಯ ಮುದ್ದೆ ನಿಂಬೆಹಣ್ಣಿನಷ್ಟಾಯಿತು. ನಿಂಬೆಹಣ್ಣು ನೆಲ್ಲಿಕಾಯಾಯಿತು. ನೆಲ್ಲಿಕಾಯಿ ಮೆಣಸಿನ ಕಾಳಾಯಿತು. ಊರಿನ ಒಲೆಗಳಂತೂ ಉರಿಯುವುದನ್ನೇ ಮರೆತವು. ಮಕ್ಕಳು ಹಸಿದು ಅತ್ತವು. ಆ ಅಳು ಕೇಳಿ ರಾಜನ ಕೈಯಿಂದ ಬಾಚಣಿಗೆ ಬಿತ್ತು. ಹೊಂಬಾಳಮ್ಮನ ಬಾಗಿಲಿಗೆ ಓಡಿದ.

"ಬೀಜ ಕೊಡು ತಾಯಿ!"

"ಕೊಡ್ತೀನಿ ಬುದ್ಧಿ. ಆದ್ರೆ ಅವರೆ ಹಬ್ಬೋಕೆ ಜೋಳ ಎಲ್ಲೈತೆ? ನೀವೇ ನಿಂತ್ಕಳಿ."

ನಿಂತ. ಹೊಲದ ಮಧ್ಯೆ, ನೆಟ್ಟಗೆ. ಅವರೆ ಬಳ್ಳಿ ಕಾಲು ಹತ್ತಿತು, ಸೊಂಟ ಹತ್ತಿತು, ಮೀಸೆಯಲ್ಲಿ ಹೂ ಬಿಟ್ಟಿತು. ಕಿರೀಟದ ಮೇಲೆ ಹಕ್ಕಿಗಳು ಕೂತು ಹುಳು ಹೆಕ್ಕಿದವು. ಹೊಸ ರಾಗಿ ನಿದ್ದೆ ಮಾಡದೆ ಹರಟಿತು. ಅಷ್ಟರಲ್ಲಿ ರಾಜನಿಗೆ ಸೀನು ಬಂತು.

"ಸೀನ್ಬ್ಯಾಡಿ! ಹೂ ಉದುರ್ತದೆ!" ಎಂದಿತು ಅವರೆ.

ಪಾಪ, ಕಾಯಿ ಬಲಿಯುವವರೆಗೂ ತಡೆದ. ಸುಗ್ಗಿಯ ದಿನ ಸೀನಿದ ನೋಡಿ, ರಾಗಿ, ತೊಗರಿ, ಅವರೆ ಎಲ್ಲ ಹಾರಿ ಮನೆಮನೆಯ ಹೊಸ್ತಿಲಿಗೆ ಬಿದ್ದವು. ಅಂದು ಮಕ್ಕಳೆಲ್ಲ ಹೊಟ್ಟೆ ತುಂಬ ಉಂಡು ಮಲಗಿದವು.

ಮರುವರ್ಷ ಮೊದಲ ಮಳೆಗೆ ಹೊಂಬಾಳಮ್ಮ ಮಡಕೆ ಇಳಿಸಿ ಹೊಲಕ್ಕೆ ಬಂದಳು. ಅವಳಿಗಿಂತ ಮೊದಲೇ ರಾಜ ಬಂದು ನಿಂತಿದ್ದ, ಬರಿಗಾಲಲ್ಲಿ, ಮೀಸೆ ಬಾಚದೆ.

"ಹೊಂಬಾಳಮ್ಮ, ಈ ಸಲ ನಾನು ಯಾವ ಸಾಲಲ್ಲಿ ನಿಲ್ಲಲಿ?"

ನೀತಿ ಏನೆಂದರೆ, ಬಾಚಣಿಗೆಯಿಂದ ಸಾರಾಗುವುದಿಲ್ಲ. ಕತೆ ಹೊಲದಲ್ಲಿ ನಿಂತಿರಲಿ, ನಾವು ಊಟಕ್ಕೆ ಏಳೋಣ.