ಏಳು ಜನರ ಕಲ್ಲು

"ಗುರುಗಳೇ, ಯುದ್ಧದಲ್ಲಿ ಮಡಿದ ನಮ್ಮೂರಿನವರಿಗೆ ಕಲ್ಲು ನಿಲ್ಲಿಸುತ್ತಿದ್ದಾರೆ. ಅದರ ಮೇಲೆ ಕೆತ್ತಲು ನಾಲ್ಕು ಸಾಲು ಬರೆದುಕೊಡು ಎಂದು ನನಗೆ ಹೇಳಿಕಳಿಸಿದ್ದಾರೆ. ಸತ್ತವರಿಗೆ ಒಪ್ಪುವ ಮಾತು ಯಾವುದು?" ಎಂದು ಶಿಷ್ಯ ಕೇಳಿದ.

ಗುರುಗಳಿಗೆ ವಯಸ್ಸಾಗಿತ್ತು. ಅಂಥ ಕಲ್ಲುಗಳನ್ನು ಅವರು ಬಹಳ ನೋಡಿದ್ದರು. ಅವರು ಒಂದು ಕತೆ ಹೇಳತೊಡಗಿದರು.

ಒಂದು ಸೀಮೆಯಿಂದ ಎಂಟು ಜನ ದಂಡಿಗೆ ಹೋದರು. ಹೊಳೆಯಾಚೆಯ ಯುದ್ಧ ಎರಡು ಮಳೆಗಾಲ ನಡೆಯಿತು. ತಿರುಗಿ ಬಂದವನು ಒಬ್ಬನೇ. ಅವನ ಒಂದು ಕಾಲು ಸೊಟ್ಟಗಾಗಿತ್ತು. ಮನೆ ಸೇರಿ ಮಲಗಿದರೆ ಸಾಕು ಎನ್ನುವಷ್ಟು ದಣಿದಿದ್ದ. ಮೂರನೆಯ ದಿನವೇ ಅರಮನೆಯ ಅಧಿಕಾರಿ ಅವನನ್ನು ಕರೆಸಿದ.

"ಕೋಟೆಯ ಬಾಗಿಲಲ್ಲಿ ಕಲ್ಲು ನಿಲ್ಲಿಸಲು ಅಪ್ಪಣೆಯಾಗಿದೆ. ಆ ಏಳು ಜನ ಹೇಗೆ ಸತ್ತರು, ಹೇಳು."

ಸೈನಿಕ ನಡೆದದ್ದನ್ನು ನಡೆದ ಹಾಗೆ ಹೇಳಿದ. ಇಬ್ಬರು ಹೋರಾಡುತ್ತ ಬಿದ್ದರು. ಒಬ್ಬ ಹೊಳೆ ದಾಟುವಾಗ ಮುಳುಗಿದ. ಒಬ್ಬ ಮಲಗಿದ್ದಾಗ ಅವನ ಮೇಲೆ ಗೋಡೆ ಕುಸಿಯಿತು. ಮೂವರು ಜ್ವರದಿಂದ ಹೋದರು.

ಅಧಿಕಾರಿ ತಲೆಯಾಡಿಸಿದ. "ಜ್ವರದ ಮಾತು ಕಲ್ಲಿಗೆ ಬೇಡ. ಏಳು ಜನರೂ ಕತ್ತಿ ಹಿಡಿದೇ ಸತ್ತರು. ಯಾರು ಕೇಳಿದರೂ ನೀನು ಹಾಗೆಯೇ ಹೇಳಬೇಕು. ಬೇರೆ ಮಾತು ಬಂದರೆ ನಿನಗೆ ಕೊಟ್ಟಿರುವ ಉಂಬಳಿ ಹೊಲ ಉಳಿಯುವುದಿಲ್ಲ."

ವಾದ ಮಾಡಲು ಸೈನಿಕನಲ್ಲಿ ತ್ರಾಣವಿರಲಿಲ್ಲ. "ಆಗಲಿ ಧಣಿ" ಎಂದ.

ಕತ್ತಿ ಹಿಡಿದ ಏಳು ವೀರರನ್ನು ಕೆತ್ತಿದ ಕಲ್ಲು ನಿಂತಿತು. ಹಾರ ಹಾಕಿದರು, ಕಹಳೆ ಊದಿದರು, ಜನ ಚದುರಿದರು. ದ್ಯಾಮವ್ವ ಎಂಬ ಮುದುಕಿ ಮಾತ್ರ ಕಲ್ಲಿನ ಮುಂದೆಯೇ ನಿಂತಿದ್ದಳು. ಸತ್ತವರಲ್ಲಿ ಒಬ್ಬನಾದ ಭರಮನ ತಾಯಿ ಅವಳು. ಸೈನಿಕನನ್ನು ಕಂಡು ಕರೆದಳು.

"ಅಪ್ಪಾ, ಇವರಲ್ಲಿ ನನ್ನ ಮಗ ಯಾವನು?"

ಏಳು ಮುಖಗಳೂ ಒಂದೇ ಬಗೆಯಾಗಿದ್ದವು. ಸೈನಿಕ ಮೂರನೆಯದನ್ನು ತೋರಿಸಿದ. ದ್ಯಾಮವ್ವ ಆ ಮುಖವನ್ನು ಸವರಿದಳು, ತೋಳನ್ನು ಸವರಿದಳು. ಕತ್ತಿಯ ಹಿಡಿಯ ಹತ್ತಿರ ಅವಳ ಕೈ ನಿಂತಿತು.

"ಇವನು ಬಲಗೈಯಲ್ಲಿ ಹಿಡಿದಿದ್ದಾನೆ. ನನ್ನ ಭರಮ ಎಡಚ. ತುತ್ತನ್ನೂ ಎಡಗೈಯಲ್ಲೇ ಎತ್ತುತ್ತಿದ್ದ, ಬೈದು ಬೈದು ನನಗೆ ಸಾಕಾಗಿತ್ತು. ಇವನು ಯಾರ ಮಗನೋ ಏನೋ. ನನ್ನ ಮಗನಿಗೆ ಏನಾಯಿತು, ನೀನು ಹೇಳು."

ಸೈನಿಕ ಅಲ್ಲೇ ನೆಲದ ಮೇಲೆ ಕುಳಿತ.

"ಅವ್ವಾ, ಗಾಯಗೊಂಡವರು ಬಯಲಲ್ಲಿ ಬಿದ್ದಿದ್ದೆವು. ಭರಮ ನಾಲ್ಕು ದಿನ ನಮಗೆಲ್ಲ ನೀರು ಹೊತ್ತು ತಂದ. ಐದನೆಯ ದಿನ ಅವನಿಗೆ ಜ್ವರ ಹಿಡಿಯಿತು. ಮೂರು ದಿನ ನರಳಿದ."

"ನನ್ನನ್ನು ಕರೆದನೇ?"

"ಕರೆದ. ಕೊನೆಗೆ ನನ್ನ ಕೈ ಹಿಡಿದುಕೊಂಡು ನಿನ್ನ ಕೈ ಎಂದುಕೊಂಡ. ನಾನು ಅಲ್ಲ ಎನ್ನಲಿಲ್ಲ."

ದ್ಯಾಮವ್ವ ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡಳು. ಆಮೇಲೆ ದನಿ ತೆಗೆದು ಅತ್ತಳು. ಸಾವಿನ ಸುದ್ದಿ ಬಂದಂದಿನಿಂದ ಅವಳು ಅತ್ತದ್ದನ್ನು ಯಾರೂ ಕಂಡಿರಲಿಲ್ಲ.

ಮರುದಿನ ಸೈನಿಕ ಕೋಲೂರಿಕೊಂಡು ಉಳಿದ ಆರು ಮನೆಗಳಿಗೆ ಹೊರಟ. ಹೋಗು ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಊರುಗಳು ದೂರ ದೂರ ಇದ್ದವು. ಒಂದು ಮನೆಯಲ್ಲಿ ಹೇಳಿ ಮುಗಿಸಿದರೆ ಮುಂದಿನ ಊರಿಗೆ ಹೊರಡಲು ಅವನಿಗೆ ಎಷ್ಟೋ ದಿನ ಬೇಕಾಗುತ್ತಿತ್ತು.

ಗೋಡೆ ಕುಸಿದು ಸತ್ತವನ ಹೆಸರು ಮಾನಪ್ಪ. ಅವನ ತಂದೆ ಕಂಬಾರ. ಮಾತು ಮುಗಿಯುವ ಮೊದಲೇ ಕಂಬಾರ ಎದ್ದು ನಿಂತ.

"ಅವನ ಕತ್ತಿಯನ್ನು ಬಡಿದುಕೊಟ್ಟವನು ನಾನು. ಅದು ಅವನ ಕೈಯಲ್ಲಿತ್ತು ಎಂದು ಕಲ್ಲು ಹೇಳುತ್ತದೆ. ಏಳು, ನಡೆ ಹೊರಗೆ."

ಸೈನಿಕ ಎದ್ದು ಬಂದು ಹೊರಗಿನ ಕಟ್ಟೆಯ ಮೇಲೆ ಕುಳಿತ. ಮುಂದಕ್ಕೆ ನಡೆಯಲು ಕಾಲು ಏಳಲಿಲ್ಲ. ಎರಡು ದಿನ ಕಂಬಾರನ ಹೆಂಡತಿ ಅವನಿಗೆ ರೊಟ್ಟಿ ತಂದುಕೊಟ್ಟಳು. ಮೂರನೆಯ ದಿನ ಕಂಬಾರ ಬಂದು ಪಕ್ಕದಲ್ಲಿ ಕುಳಿತ.

"ಅವನಿಗೆ ನೋವಾಯಿತೇ?"

"ಇಲ್ಲ. ಒಳ್ಳೆಯ ನಿದ್ದೆಯಲ್ಲಿದ್ದ. ಅವನಿಗೆ ಗೊತ್ತೇ ಆಗಲಿಲ್ಲ."

ಆ ರಾತ್ರಿ ಊಟಕ್ಕೆ ಕುಳಿತಾಗ ಕಂಬಾರ ಹೆಂಡತಿಗೆ, "ಅವನಿಗೆ ಗೊತ್ತೇ ಆಗಲಿಲ್ಲವಂತೆ" ಎಂದ.

ಏಳನೆಯ ಮನೆ ಮುಗಿಯುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು. ಸುದ್ದಿ ಅಧಿಕಾರಿಯ ಕಿವಿಗೂ ಬಿದ್ದಿತ್ತು. ಅವನು ಸೈನಿಕನನ್ನು ಕರೆಸಿ, "ನನಗೆ ಕೊಟ್ಟ ಮಾತನ್ನು ಯಾಕೆ ಮುರಿದೆ?" ಎಂದು ಕೇಳಿದ.

"ಧಣಿ, ಕಲ್ಲಿಗೆ ಹೇಳಬೇಕಾದ್ದನ್ನು ನೀವು ಹೇಳಿದಿರಿ. ಮನೆಗಳಿಗೆ ಹೇಳುವುದು ಉಳಿದಿತ್ತು."

ಅಧಿಕಾರಿ ಹೊಲವನ್ನು ಕಿತ್ತುಕೊಂಡ. ಸೈನಿಕ ಮನೆಗೆ ಹೋಗಿ ಮಲಗಿದ. ದಂಡಿನಿಂದ ಬಂದ ಮೇಲೆ ಅವನಿಗೆ ನಿದ್ದೆ ಹತ್ತಿದ್ದು ಅದೇ ಮೊದಲು.

ಗುರುಗಳು ಕತೆಯನ್ನು ನಿಲ್ಲಿಸಿದರು. ಶಿಷ್ಯ ಸೊಂಟದಿಂದ ಒಂದು ಓಲೆಯನ್ನು ಹೊರತೆಗೆದ.

"ನಾನು ನಾಲ್ಕು ಸಾಲು ಬರೆದೇ ತಂದಿದ್ದೆ, ಗುರುಗಳೇ. ಅದರಲ್ಲಿ ಯಾವ ಮಾತನ್ನು ಬದಲಿಸಲಿ?"

ಗುರುಗಳು ಓಲೆಯ ಕಡೆ ನೋಡಲಿಲ್ಲ. "ಬರೆಯುವ ಮೊದಲು ಎಷ್ಟು ಮನೆಗಳಿಗೆ ಹೋಗಿ ಬಂದೆ?" ಎಂದರು.