ಒದ್ದೆ ಬಟ್ಟೆಯ ಆಣೆ

ಶಾಸಕ ಗುರುಮಲ್ಲಪ್ಪ ಹೊಳೆಯಲ್ಲಿ ಮುಳುಗೆದ್ದು, ಒದ್ದೆ ಬಟ್ಟೆಯಲ್ಲೇ ಮೆಟ್ಟಿಲ ಮೇಲೆ ನಿಂತು, ಊರೆಲ್ಲ ಕೇಳುವಂತೆ ಆಣೆ ಮಾಡಿದ: "ಈ ಹೆಂಗಸು ಯಾರು ಅಂತಲೇ ನನಗೆ ಗೊತ್ತಿಲ್ಲ."

ಹೆಂಗಸು ಎದುರಿಗೇ ಇದ್ದಳು. ದಾಕ್ಷಾಯಿಣಿ. ಎಷ್ಟೋ ವರ್ಷ ಗುಟ್ಟಾಗಿ ಅವನ ಜೊತೆ ಬಾಳಿ, ಉಣಬಡಿಸಿದವಳು. ಇಬ್ಬರ ಫೋಟೊ ಹೊರಬಿದ್ದು, ಈ ಸಲದ ಚುನಾವಣೆ ಅವನ ಕೈಜಾರುವುದರಲ್ಲಿತ್ತು.

ಆಣೆ ಮಾಡಿದವನಿಗೆ ಎದುರು ನಿಂತವರೇ ಒಣ ಬಟ್ಟೆ ಕೊಡುವುದು ಆ ಕಡೆಯ ಪದ್ಧತಿ. ಅವಳು ಪಂಚೆ ಚಾಚಿ, "ಮೈ ಒರೆಸ್ಕೊಳ್ಳಿ, ನಿಮಗೆ ಥಂಡಿ ಆಗಿಬರಲ್ಲ" ಎಂದಳು ಮೆಲ್ಲಗೆ.

ಅವನು ಅದನ್ನು ಮುಟ್ಟದೆ ಜನರತ್ತ ಕೈ ಮುಗಿದು ನಡೆದುಬಿಟ್ಟ.

ಅಂದಿನಿಂದ ಅವನ ಮೈಮೇಲಿನ ಬಟ್ಟೆ ಒಣಗಲಿಲ್ಲ. ಹೊಸದುಟ್ಟರೂ ತೊಟ್ಟಿಕ್ಕುತ್ತಿತ್ತು. ವೇದಿಕೆಯಲ್ಲಿ ಅವನ ಕುರ್ಚಿಯ ಕೆಳಗೆ ನೀರು ನಿಲ್ಲುತ್ತಿತ್ತು.

"ನಮಗೋಸ್ಕರ ಹೆಂಗೆ ಬೆವರು ಸುರಿಸ್ತಾವ್ರೆ!" ಎಂದು ಜನ ಜೈಕಾರ ಹಾಕಿದರು. ಜನ ಮರುಳೋ ಜಾತ್ರೆ ಮರುಳೋ! ಬೆವರಿಗೆ ಪಾಚಿಯ ವಾಸನೆ ಇರುತ್ತದೆಯೇ? ಅವನಿಗೆ ಜೀವವೇ ಹಾರಿಹೋದಂತಾಯಿತು.

ಚಿಕ್ಕಂದಿನಲ್ಲಿ ಅಕ್ಷರ ಕಲಿತ ಹೊಳೆದಂಡೆಯ ಆಶ್ರಮಕ್ಕೆ ಬಂದು ಗುರುಗಳ ಕಾಲಿಗೆ ಬಿದ್ದ.

"ಬುದ್ಧಿ, ಬಟ್ಟೆ ಒಣಗ್ತಾ ಇಲ್ಲ."

ಗುರುಗಳು ತಮ್ಮ ಶಲ್ಯ ತೆಗೆದು ಅವನಿಗೆ ಹೊದಿಸಿದರು. ನೋಡನೋಡುತ್ತಿದ್ದಂತೆ ಅದೂ ನೆನೆಯಿತು.

"ಆಣೆ ಸುಳ್ಳಾಗಿರೋ ತನಕ ಒಣಗಲ್ಲ, ಮಲ್ಲ. ಹೋಗಿ ನಿಜ ಹೇಳಿಬಿಡು."

"ಹೇಳಿದ್ರೆ ಸೋಲ್ತೀನಿ, ಬುದ್ಧಿ."

"ಸೋತರೂ ಆ ಹೆಣ್ಣುಮಗಳ ಕೈಯಲ್ಲಿ ಒಣ ಪಂಚೆ ಇದೆಯಲ್ಲ."

ಹೊರಗೆ ಪ್ರಚಾರದ ಜೀಪು ಹಾರ್ನ್ ಹೊಡೆಯಿತು. ಗುರುಮಲ್ಲಪ್ಪನಿಗೆ ಒಂದು ಉಪಾಯ ಹೊಳೆಯಿತು.

"ಸುಳ್ಳಾಗಿದ್ರೆ ತಾನೆ ಒಣಗೋದಿಲ್ಲ? ಆ ಆಣೇನೇ ನಿಜ ಮಾಡಿಕೊಡಿ."

ಗುರುಗಳ ಮುಖ ಕಪ್ಪಿಟ್ಟಿತು. "ಏನು ಕೇಳ್ತಾ ಇದೀಯ, ಗೊತ್ತಾ?"

"ಗೆಲುವು ಕೇಳ್ತಾ ಇದೀನಿ."

"ನಾನು ಕೊಡೋದಿಲ್ಲ. ನೀನು ಆಣೆ ಮಾಡಿದ್ದು ಹೊಳೆ ಮೇಲೆ. ಅದನ್ನೇ ಕೇಳ್ಕೊ."

ಅವನು ಮೆಟ್ಟಿಲಿಳಿದು, ನೀರಿನ ಮೇಲೆ ಬಗ್ಗಿ ಕೇಳಿಕೊಂಡ. ಹರಿಯುತ್ತಿದ್ದ ಹೊಳೆ ಒಂದು ಗಳಿಗೆ ಸದ್ದಿಲ್ಲದೆ ನಿಂತಿತು. ಮತ್ತೆ ಹರಿಯಿತು.

ಗುರುಮಲ್ಲಪ್ಪ ಗೆದ್ದ. ಕೊರಳಿನ ಹಾರ ತೆಗೆಯದೆ ಆಶೀರ್ವಾದಕ್ಕೆ ಬಂದ. ಆಶ್ರಮದ ಬಾಗಿಲಲ್ಲಿ ಒಬ್ಬ ಹೆಂಗಸು ಮಡಿಸಿದ ಪಂಚೆ ಹಿಡಿದು ಕೂತಿದ್ದಳು. ಅವನನ್ನು ಕಂಡು ಎದ್ದಳು. ಕಣ್ಣು ತುಂಬಿಕೊಂಡಳು.

ಮತದಾರರಿಗೆಲ್ಲ ಮುಗಿಯುವಂತೆ ಅವಳಿಗೂ ಕೈ ಮುಗಿದು ಅವನು ಒಳಗೆ ಹೋದ.

"ಬಾಗಿಲಲ್ಲಿ ಅಳ್ತಾ ನಿಂತಿರೋ ಆಯಮ್ಮ ಯಾರು, ಬುದ್ಧಿ? ಎಲ್ಲೂ ನೋಡಿದ ಹಾಗಿಲ್ಲ."



"ನಿನ್ನ ಬಟ್ಟೆ ಮುಟ್ಟಿ ನೋಡ್ಕೊ, ಮಗಾ," ಎಂದರು ಗುರುಗಳು. "ಒಣಗಿದೆ."